ಮನೆಯಲ್ಲೇ ಬಾರ್ಬೆಕ್ಯೂ: ಯಾವ ಒಲೆ, ಯಾವ ಇದ್ದಿಲು, ಯಾವ ಮಾಂಸ?

ಗೆಳೆಯರ ನಡುವೆ ಬಾರ್ಬೆಕ್ಯೂ ಮಾತು ಬಂದ ಕೂಡಲೇ ಎಲ್ಲರೂ ಮಾಂಸದ ಪಟ್ಟಿ ಹಾಕಲು ಶುರು ಮಾಡುತ್ತಾರೆ. ಮೂರು ಕೆಜಿ ಚಿಕನ್, ಎರಡು ಕೆಜಿ ಪೋರ್ಕ್, ಒಂದಷ್ಟು ಮಟನ್ ಚಾಪ್ಸ್. ನಡುವೆ ಯಾರೋ ಒಬ್ಬ "ಬಂಗುಡೆನೂ ಇರಲಿ ಮಾರಾಯ" ಅಂತಾನೆ. ಒಲೆ ಎಲ್ಲಿಡೋದು, ಮಳೆ ಬಂದರೆ ಏನು ಮಾಡೋದು, ಇಷ್ಟೂ ಮಾಂಸ ಒಂದೇ ಜಾಲರಿಯ ಮೇಲೆ ಎಷ್ಟು ಹೊತ್ತಿಗೆ ಬೆಂದೀತು ಅನ್ನೋದೆಲ್ಲ ಆಮೇಲೆ ನೆನಪಾಗುತ್ತದೆ. ನಾನಂತೂ ಉಲ್ಟಾ ಲೆಕ್ಕದವನು. ಮೊದಲು ಜಾಗ ನೋಡಿ, ಆಮೇಲೆ ಬೆಂಕಿ ಆರಿಸಿ, ಆ ಬೆಂಕಿಗೆ ಒಗ್ಗುವ ಮಾಂಸ ಕೊನೆಗೆ ತನ್ನಿ. ಹಾಗೆ ಮಾಡಿದರೆ ಹತ್ತು ಹನ್ನೆರಡು ಜನ ಬಂದರೂ ಮನೆಯವರು ಬಿಸಿಬಿಸಿ ಇರುವಾಗಲೇ ಎರಡು ತುಂಡು ತಿನ್ನಬಹುದು.

ಕೆಂಡದಲ್ಲಿ ಸುಡೋದು ಮಲೆನಾಡಿನವರಿಗೆ ಹೊಸದೇನಲ್ಲ. ಬಚ್ಚಲೊಲೆಯಲ್ಲಿ ಹಲಸಿನ ಬೀಜ, ಗೇರುಬೀಜ, ಒಣಮೀನು, ಗೊಜ್ಜಿಗೆ ಬದನೆಕಾಯಿ ಎಲ್ಲ ಸುಟ್ಟು ತಿಂದವರೇ ನಾವು. ಹೊಸದಾಗಿರೋದು ಪ್ರಮಾಣ. ಒಂದು ಬದನೆಕಾಯಿ ಸುಡೋದಕ್ಕೂ ಐದು ಕೆಜಿ ಮಾಂಸ ಸುಡೋದಕ್ಕೂ ಬೇಕಾಗುವ ಬೆಂಕಿ ಬೇರೆ ಬೇರೆ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಇದ್ದಿಲು ಬೆಚ್ಚಗಿಡೋದೇ ಒಂದು ಸಾಹಸ. ಶಿವಮೊಗ್ಗ ಪೇಟೆಯಲ್ಲಿ ಅಷ್ಟು ಮಳೆ ಇಲ್ಲ, ಆದರೂ ಜುಲೈ ಸಂಜೆಯನ್ನು ನಂಬಿ ಜನ ಕರೆಯೋಕಾಗುತ್ತಾ? ಅದೂ ಅಲ್ಲದೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಘಾಟಿ ಹತ್ತಿ ಬರುವ ತಾಜಾ ಸಮುದ್ರ ಮೀನು ಆಗ ಕಡಿಮೆ. ಅದು ಮುಗಿಯುವ ಹೊತ್ತಿಗೆ ಶ್ರಾವಣ. ಗುಂಪಿನಲ್ಲಿ ಅರ್ಧ ಜನ "ಈ ತಿಂಗಳು ಬೇಡಪ್ಪ" ಅಂತಾರೆ.

ನವೆಂಬರ್‌ನಿಂದ ಹವೆ ಚೆನ್ನಾಗಿರುತ್ತದೆ. ಆದರೆ ತೋಟದ ಮನೆಯವರಿಗೆ ಅದೇ ಅಡಿಕೆ ಕೊಯ್ಲಿನ ಹೊತ್ತು. ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅದರ ಪಕ್ಕ ಹಂದಿ ಕೊಬ್ಬಿನ ಹೊಗೆ ಎಬ್ಬಿಸಿದರೆ ಮನೆಯ ಹಿರಿಯರು ಸುಮ್ನೆ ಬಿಡೋದಿಲ್ಲ, ಬಿಡಲೂಬಾರದು. ಹಾಗಾಗಿ ತೋಟದ ಮನೆಗೆ ಕೊಯ್ಲು ಮುಗಿದ ಮೇಲಿನ ಫೆಬ್ರವರಿ, ಪೇಟೆ ಮನೆಗೆ ಡಿಸೆಂಬರ್, ಜನವರಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ. ಅದಕ್ಕೂ ಮುಂಚೆ ಒಣ ಹುಲ್ಲು, ಒಣ ಎಲೆ, ಗಾಳಿ ಮೂರೂ ಸೇರಿರುತ್ತವೆ. ಒಂದು ಕಿಡಿ ಸಾಕು.

ಕಾಡಂಚಿನ ಮನೆಗಳಿಗೆ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮೇ. ಅಂದರೆ ಸರಿಯಾಗಿ ನಮ್ಮ ಬಾರ್ಬೆಕ್ಯೂ ಕಾಲ. ಬೆಂಕಿ ಹೊತ್ತಿಸಲು ಕಾಡಿನಿಂದ ಒಣ ಎಲೆಯ ದರಗು ಬಾಚಿ ತರಬೇಡಿ. ಗುಡಿಸಿದ ಅಂಗಳದಲ್ಲೇ ಕೂರಿಸಿ. ಪೇಟೆಯಿಂದ ಬಂದ ಗೆಳೆಯರು ಚೆಂದ ಅಂತ ಹುಲ್ಲಿನ ಮೇಲೆ ಚಾಪೆ ಹಾಸಿದರೆ ಎಬ್ಬಿಸಿ.

"ಹೊಳೆ ದಂಡೆಗೆ ಹೋಗೋಣ, ಕಾಡಲ್ಲಿ ಮಾಡೋಣ" ಅನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕೋದು ಅಪರಾಧ. ಅಲ್ಲಿಗೆ ಆ ಮಾತು ಮುಗಿಯಿತು.

ಅಂಗಳವೋ, ಟೆರೇಸೋ

ಅಂಗಳ ಇದ್ದವರು ಪುಣ್ಯವಂತರು. ಹುಲ್ಲಿನ ಬಣವೆ, ಸೌದೆ ಕೊಟ್ಟಿಗೆ, ಅಡಿಕೆ ಸಿಪ್ಪೆಯ ರಾಶಿ, ಸೋಗೆ ಚಪ್ಪರ ಇವೆಲ್ಲ ಗಾಳಿಯ ದಿಕ್ಕಿನಲ್ಲಿ ಇರಬಾರದು ಅನ್ನೋದಷ್ಟೇ ನೋಡಬೇಕು. ಎರಡು ಬಕೆಟ್ ನೀರು, ಒಂದು ಪುಟ್ಟಿ ಮರಳು ಪಕ್ಕದಲ್ಲಿರಲಿ. ಮರಳು ಯಾಕೆ ಅಂದರೆ ಕೊಬ್ಬಿಗೆ ಹತ್ತಿದ ಬೆಂಕಿಗೆ ನೀರು ಹಾಕಿದರೆ ಅದು ಸಿಡಿದು ಇನ್ನೂ ಹರಡುತ್ತದೆ.

ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಕಡೆ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಅಲ್ಲಿ ಟೆರೇಸೇ ಗತಿ. ಹೊಗೆ ಮೇಲೆ ಹೋಗುತ್ತದೆ ಅಂದುಕೊಂಡರೆ ತಪ್ಪು, ಗಾಳಿ ಬಿದ್ದ ಸಂಜೆ ಅದು ಪಕ್ಕದ ಮನೆಯ ಬಟ್ಟೆ ತಂತಿಗೇ ಹೋಗೋದು. ಪಕ್ಕದವರು ಮಾಂಸ ತಿನ್ನದವರಾದರೆ ಹಿಂದಿನ ದಿನವೇ ಒಂದು ಮಾತು ಹೇಳಿ. "ನಾಳೆ ಸಂಜೆ ನಮ್ಮಲ್ಲಿ ನಾಲ್ಕು ಜನ ಬರ್ತಾರೆ ಆಂಟಿ, ಸ್ವಲ್ಪ ಹೊಗೆ ಆಗಬಹುದು, ಬಟ್ಟೆ ಬೇಗ ತೆಗೆದುಬಿಡಿ" ಅಂದರೆ ಮುಕ್ಕಾಲು ಪಾಲು ಜಗಳ ಹುಟ್ಟೋದೇ ಇಲ್ಲ. ಇನ್ನು ಟೆರೇಸಿನ ಕಾಂಕ್ರೀಟ್ ಮೇಲೆ ನೇರ ಬೆಂಕಿ ಬೇಡ, ಬಿಸಿಗೆ ಸಿಡಿದು ಬಿರುಕು ಬಿಡುತ್ತದೆ. ಕಾಲಿರುವ ಒಲೆ ಇಡಿ, ಕೆಳಗೆ ಒಂದು ಹಳೆ ತಗಡು ಹಾಸಿ.

ಪೋರ್ಟಿಕೊ, ಗ್ಯಾರೇಜ್, ಶಟರ್ ಎಳೆದ ಅಂಗಡಿ ಇವು ಆಯ್ಕೆಯ ಪಟ್ಟಿಯಲ್ಲೇ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಂತು ಅಂತ ಒಲೆಯನ್ನು ಒಳಗೆ ತಳ್ಳೋದು, ಚಳಿ ಅಂತ ರಾತ್ರಿ ಉಳಿದ ಕೆಂಡವನ್ನು ಮಲಗುವ ಕೋಣೆಗೆ ತರೋದು, ಎರಡೂ ಜೀವ ತೆಗೆಯುವ ಕೆಲಸ. ಮಳೆ ಬಂದರೆ ಮಾಂಸ ಒಳಗೆ ಬರಲಿ, ಅಡುಗೆಮನೆಯ ಕಾವಲಿ ಇದ್ದೇ ಇದೆ.

ಒಲೆ: ಇಟ್ಟಿಗೆ, ಡ್ರಮ್, ಮುಚ್ಚಳದ ಗ್ರಿಲ್, ಗ್ಯಾಸ್

ವರ್ಷಕ್ಕೊಮ್ಮೆಯೋ ಎರಡು ಸಲವೋ ಮಾಡುವವರಿಗೆ ಇಟ್ಟಿಗೆ ಒಲೆ ಸಾಕು. ಸುಟ್ಟ ಮಣ್ಣಿನ ಇಟ್ಟಿಗೆಗಳನ್ನು ಮೂರು ಕಡೆ ಗೋಡೆಯಂತೆ ಜೋಡಿಸಿ, ಗಾಳಿಗೆ ಸಂದು ಬಿಟ್ಟು, ಮೇಲೆ ಜಾಲರಿ ಇಟ್ಟರೆ ಮುಗೀತು. ಜಾಲರಿಯ ಎತ್ತರ ಬದಲಿಸಬೇಕಾದರೆ ಒಂದು ವರಸೆ ಇಟ್ಟಿಗೆ ಸೇರಿಸಿ, ಇಲ್ಲ ತೆಗೆಯಿರಿ. ದುಬಾರಿ ಗ್ರಿಲ್‌ನಲ್ಲೂ ಇಷ್ಟು ಸಲೀಸು ಇರೋದಿಲ್ಲ. ಹೊಳೆಯಿಂದ ತಂದ ಕಲ್ಲು ಮಾತ್ರ ಬೇಡ. ಒಳಗೆ ನೀರು ಹೀರಿಕೊಂಡ ಕಲ್ಲು ಬಿಸಿಗೆ ಸಿಡಿಯುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ಡ್ರಮ್ ಸೀಳಿಸಿ ಕಾಲು ಹಚ್ಚಿಸಿಕೊಳ್ಳೋದು ಇನ್ನೊಂದು ದಾರಿ. ಇಪ್ಪತ್ತು ಜನರ ಗುಂಪಿಗೆ ಇದೇ ಸರಿ, ಜಾಗ ಧಾರಾಳ. ಆದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಕೇಳದೆ ಕೊಳ್ಳಬೇಡಿ. ಔಷಧಿ, ರಾಸಾಯನಿಕ ಇದ್ದದ್ದು ಬೇಡವೇ ಬೇಡ. ಡ್ರಮ್ಮಿಗೆ ಪೇಂಟ್ ಬಳಿದಿದ್ದರೆ ಮಾಂಸ ಇಡುವ ಮೊದಲು ಒಂದು ದಿನ ಖಾಲಿ ಡ್ರಮ್ಮಿನಲ್ಲಿ ಸೌದೆ ಹಾಕಿ ಜೋರಾಗಿ ಉರಿಸಿ, ಪೇಂಟ್ ಪೂರ್ತಿ ಸುಟ್ಟುಹೋಗಲಿ. ಜಾಲರಿಯ ವಿಷಯದಲ್ಲೂ ಹಾಗೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕೋಳಿಗೂಡಿನ ಜಾಲರಿ ಹೊಳೆಯೋದು ಸತುವಿನ ಲೇಪನದಿಂದ. ಅದು ಕೆಂಡದ ಬಿಸಿಗೆ ಕೆಟ್ಟ ಹೊಗೆ ಬಿಡುತ್ತದೆ. ಸ್ಟೀಲ್ ಜಾಲರಿಯನ್ನೋ, ಲೇಪನವಿಲ್ಲದ ಕಬ್ಬಿಣದ ಸರಳು ಬೆಸೆದದ್ದನ್ನೋ ಕೇಳಿ.

ಮುಚ್ಚಳವಿರುವ ದುಂಡು ಗ್ರಿಲ್‌ಗೆ ದುಡ್ಡು ಜಾಸ್ತಿ. ಆದರೆ ದೊಡ್ಡ ತುಂಡು ಸುಡುವ ಆಸೆ ಇದ್ದರೆ ಇದಕ್ಕೆ ಸಾಟಿ ಇಲ್ಲ. ಮುಚ್ಚಿದಾಗ ಒಳಗೆ ಬಿಸಿ ಗಾಳಿ ಸುತ್ತುತ್ತದೆ, ಕೋಳಿ ತೊಡೆ ಎಲುಬಿನವರೆಗೂ ಬೇಯುತ್ತದೆ, ಹೊರಗೆ ಕರಕಲಾಗೋದಿಲ್ಲ. ಇಬ್ಬನಿ ಬೀಳುವ ರಾತ್ರಿಯಲ್ಲೂ ಶಾಖ ಬಿಡೋದಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮಡಚುವ ಡಬ್ಬಿ ಗ್ರಿಲ್ ನಾಲ್ಕು ಜನರಿಗೆ ಸರಿ. ಹತ್ತು ಜನರಿಗೆ ಅದನ್ನಿಟ್ಟುಕೊಂಡರೆ ರಾತ್ರಿ ಹನ್ನೊಂದಕ್ಕೂ ಸರದಿ ಮುಗಿಯೋದಿಲ್ಲ.

ಗ್ಯಾಸ್ ಗ್ರಿಲ್ ಹೊಗೆಯಿಲ್ಲದ್ದು. ಟೆರೇಸಿಗೆ, ಪಕ್ಕದ ಮನೆಯ ಸಮಾಧಾನಕ್ಕೆ ಚೆನ್ನ. ರುಚಿಯಲ್ಲಿ ಕೆಂಡದ ಪಕ್ಕ ನಿಲ್ಲೋದಿಲ್ಲ. ಎಲೆಕ್ಟ್ರಿಕ್ ಗ್ರಿಲ್ ಬಗ್ಗೆ ನಾನು ಹೇಳೋದು ಒಂದೇ. ನಮ್ಮ ಕಡೆಯ ಕರೆಂಟನ್ನು ನಂಬಿ ಹನ್ನೆರಡು ಜನರನ್ನು ಊಟಕ್ಕೆ ಕರೆಯಬೇಡಿ.

ಇದ್ದಿಲೋ, ಸೌದೆಯೋ, ಚಿಪ್ಪೋ

ಕಟ್ಟಿಗೆ ಇದ್ದಿಲು ನನ್ನ ಮೊದಲ ಆಯ್ಕೆ. ಬೇಗ ಹತ್ತುತ್ತದೆ, ಬಿಸಿ ಚೆನ್ನಾಗಿರುತ್ತದೆ. ಸೂಪರ್ ಮಾರ್ಕೆಟಿನ ಚಂದದ ಚೀಲಕ್ಕೆ ದುಡ್ಡು ಸುರಿಯುವ ಮೊದಲು ಇಸ್ತ್ರಿ ಅಂಗಡಿಯವರನ್ನೋ ಕುಲುಮೆಯವರನ್ನೋ ಎಲ್ಲಿಂದ ತರಿಸುತ್ತಾರೆ ಅಂತ ಕೇಳಿ. ಚೀಲದಲ್ಲಿ ಕೈಯಾಡಿಸಿ ನೋಡಿ. ತುಂಡುಗಳು ಮುಷ್ಟಿಯಷ್ಟಿರಬೇಕು, ಒಂದಕ್ಕೊಂದು ತಾಗಿದರೆ ಟಣ್ ಅನ್ನಬೇಕು. ಪುಡಿ ಜಾಸ್ತಿ ಇದ್ದರೆ ಗಾಳಿ ಆಡದೆ ಉಸಿರುಗಟ್ಟಿ ಹೊಗೆಯಾಡುತ್ತದೆ. ಹತ್ತು ಹನ್ನೆರಡು ಜನರಿಗೆ, ಎರಡು ಎರಡೂವರೆ ಗಂಟೆಯ ಸುಡುವಿಕೆಗೆ ನಾಲ್ಕೈದು ಕೆಜಿ ಇಟ್ಟುಕೊಳ್ಳಿ.

ತೆಂಗಿನ ಚಿಪ್ಪಿನ ಇದ್ದಿಲು ಇನ್ನೂ ಬಿಸಿ, ಹೊಗೆ ಕಡಿಮೆ. ಆದರೆ ಹಸಿ ಚಿಪ್ಪನ್ನೇ ಒಲೆಗೆ ಹಾಕೋದು ಬೇರೆ ಲೆಕ್ಕ. ಎಣ್ಣೆಯಂಶ ಇರೋದರಿಂದ ಭಗ್ಗನೆ ಉರಿಯುತ್ತದೆ, ಕಪ್ಪು ಹೊಗೆ ಬರುತ್ತದೆ. ಉರಿ ಇಳಿದು ಕೆಂಡವಾಗುವವರೆಗೂ ಮಾಂಸ ದೂರ ಇರಲಿ. ಅಚ್ಚು ಒತ್ತಿದ ಇದ್ದಿಲುಂಡೆಗಳು ನಿಧಾನ ಮತ್ತು ಒಂದೇ ಸಮ. ಮುಚ್ಚಳದ ಗ್ರಿಲ್ ಇದ್ದವರಿಗೆ ಮಾತ್ರ ಅದರ ಉಪಯೋಗ.

ಸೌದೆಯಲ್ಲೇ ಮಾಡುವವರು ಊಟದ ಹೊತ್ತಿಗಿಂತ ಎರಡು ಗಂಟೆ ಮೊದಲು ಹೊತ್ತಿಸಿ ಕೆಂಡ ಮಾಡಿಕೊಳ್ಳಬೇಕು. ಮಾವು, ಕಾಫಿ, ಹುಣಸೆ ಎಲ್ಲ ಚೆನ್ನ. ಅಕೇಶಿಯಾ ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲಿ ನೋಡಿದರಲ್ಲಿ ಇದೆ, ಕೆಂಡವೂ ಗಟ್ಟಿ. ನೀಲಗಿರಿ ಹೊಗೆಯ ಘಾಟು ಮಾಂಸಕ್ಕೆ ಹಿಡಿಯುತ್ತದೆ, ನನಗೆ ಆಗೋದಿಲ್ಲ. ಕಾಸರ್ಕ, ಕಣಗಿಲೆ ವಿಷದ ಗಿಡಗಳು, ಒಲೆಗೂ ಬೇಡ, ಮಾಂಸ ಚುಚ್ಚುವ ಕಡ್ಡಿಗೂ ಬೇಡ. ಕಾಡುಗೇರಿನ ಸೊನೆ ತಾಗಿದರೆ ಮೈ ಗುಳ್ಳೆ ಏಳುತ್ತದೆ, ಅದನ್ನು ಸೌದೆ ರಾಶಿಯಿಂದಲೇ ದೂರ ಇಡಿ. ಮರ ಯಾವುದು ಅಂತ ಗೊತ್ತಿಲ್ಲದಿದ್ದರೆ ಹಾಕಲೇಬೇಡಿ. ಪ್ಲೈವುಡ್, ಪಾಲಿಶ್ ಹೊಡೆದ ಹಳೆ ಬಾಗಿಲಿನ ತುಂಡುಗಳದ್ದೂ ಅದೇ ಕತೆ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಕಿಲ್ಲ. ಒಣಗಿದ ತೆಂಗಿನ ನಾರು, ಅಡಿಕೆ ಹಾಳೆಯ ಚೂರು, ಎರಡು ಬಿಲ್ಲೆ ಕರ್ಪೂರ ಸಾಕು. ಇದ್ದಿಲನ್ನು ಗೋಪುರದಂತೆ ಪೇರಿಸಿ, ಬೀಸಣಿಗೆ ಆಡಿಸಿ, ಮೇಲೆ ಬೂದಿಯ ಬಿಳಿ ಪದರ ಕಾಣುವವರೆಗೆ ಕಾಯಿರಿ. ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಮುಖ್ಯ ಕೆಲಸ, ಕೆಂಡವನ್ನು ಒಲೆಯ ಒಂದು ಬದಿಗೆ ದಪ್ಪಕ್ಕೆ ಎಳೆದು ಇನ್ನೊಂದು ಬದಿ ಬಹುತೇಕ ಖಾಲಿ ಬಿಡೋದು. ಬಿಸಿ ಬದಿ ಬಣ್ಣಕ್ಕೆ, ತಣ್ಣನೆ ಬದಿ ಬೇಯೋದಕ್ಕೆ. ಜಾಲರಿಯ ಮೇಲೆ ಗೇಣಿನ ಅರ್ಧದಷ್ಟು ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಎರಡು ಮೂರು ಸೆಕೆಂಡಿಗೆ ಕೈ ಹಿಂದೆ ಬಂದರೆ ಜೋರು ಬಿಸಿ. ಐದಾರು ಸೆಕೆಂಡು ತಡೆದರೆ ಹದ ಬಿಸಿ, ಹೆಚ್ಚಿನ ಮಾಂಸಕ್ಕೆ ಇದೇ ಬೇಕು.

ಹಸಿಯಾಗೇ ಸುಡೋದೋ, ಬೇಯಿಸಿ ಸುಡೋದೋ

ಜನ ಜಗಳಾಡುವುದು ಇಲ್ಲಿ. ಹಸಿ ಮಾಂಸವನ್ನೇ ಕೆಂಡದ ಮೇಲೆ ಇಟ್ಟರೆ ಮಾತ್ರ ಅದು ಬಾರ್ಬೆಕ್ಯೂ, ಕುಕ್ಕರಿನಲ್ಲಿ ಕೂಗಿಸಿ ತಂದರೆ ಮೋಸ ಅನ್ನೋದು ಒಂದು ಪಕ್ಷ. ನಾನು ಎರಡನೇ ಪಕ್ಷದವನು. ಮುಚ್ಚಳವಿಲ್ಲದ ಒಲೆ, ಹಸಿದ ಹನ್ನೆರಡು ಹೊಟ್ಟೆ, ನಮ್ಮ ಊರಿನ ಗಟ್ಟಿ ಮಟನ್ ಮೂರೂ ಸೇರಿದಾಗ ಅರ್ಧ ಕೆಲಸ ಅಡುಗೆಮನೆಯಲ್ಲೇ ಮುಗಿಸೋದು ಜಾಣತನ.

ಕಾರಣ ಸರಳ. ಕುರಿಯ ತೊಡೆ, ಹಂದಿಯ ಭುಜ ಇಂಥ ದುಡಿದ ಭಾಗಗಳಲ್ಲಿ ನರದಂಥ ಗಟ್ಟಿ ನಾರು ಇರುತ್ತದೆ. ಅದು ಕರಗಿ ಮೆತ್ತಗಾಗಲು ಹೊತ್ತು ಬೇಕು. ಹತ್ತು ನಿಮಿಷ ಎಷ್ಟೇ ಜೋರಾಗಿ ಸುಟ್ಟರೂ ಅದು ರಬ್ಬರೇ. ಅದೇ ಕೋಳಿ ತೊಡೆ, ಮೀನು, ಲಿವರ್‌ಗೆ ಆ ಸಮಸ್ಯೆ ಇಲ್ಲ. ಅವನ್ನು ಹಸಿಯಾಗಿ ಸುಡೋದೇ ಸರಿ, ಬೇಯಿಸಿ ತಂದರೆ ಒಣಗುತ್ತವೆ.

ಬೇಯಿಸಿಕೊಳ್ಳೋದಾದರೆ ಪೂರ್ತಿ ಬೇಯಿಸಿ, ತಣಿಸಿ ಫ್ರಿಜ್ಜಿನಲ್ಲಿಡಿ. ಇಲ್ಲವೇ ಅರೆಬೆಂದದ್ದನ್ನು ಕುಕ್ಕರಿನಿಂದ ನೇರ ಕೆಂಡಕ್ಕೆ ಹಾಕಿ. ಬೆಳಿಗ್ಗೆ ಅರ್ಧ ಬೇಯಿಸಿ ಸಂಜೆವರೆಗೆ ಅಡುಗೆ ಕಟ್ಟೆಯ ಮೇಲೆ ಇಡೋದು ಹೊಟ್ಟೆ ಕೆಡಿಸುವ ನೇರ ದಾರಿ. ಬೆಚ್ಚಗಿರುವ ಅರೆಬೆಂದ ಮಾಂಸ ರೋಗಾಣುಗಳಿಗೆ ಹಬ್ಬ. ಕುಕ್ಕರಿನಲ್ಲಿ ಉಳಿದ ಮಟನ್ ನೀರನ್ನು ಚೆಲ್ಲಬೇಡಿ. ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿ, ಜನ ಬಂದ ಕೂಡಲೇ ಲೋಟದಲ್ಲಿ ಕೊಡಿ. ಕೆಂಡ ಹದಕ್ಕೆ ಬರೋವರೆಗೆ "ಇನ್ನೂ ಆಗಿಲ್ವಾ" ಅನ್ನುವ ಪ್ರಶ್ನೆ ಬರೋದಿಲ್ಲ.

ಮಾಂಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಬ್ರಾಯ್ಲರ್ ಚಿಕನ್ ಎಲ್ಲರಿಗೂ ಸಲ್ಲುತ್ತದೆ, ಬೇಗ ಬೇಯುತ್ತದೆ, ಜೇಬಿಗೂ ಹಗುರ. ಅಂಗಡಿಯಲ್ಲಿ ಸ್ಕಿನ್ ಸಮೇತ ಕೇಳಿ. ಚರ್ಮದ ಕೊಬ್ಬು ಕರಗಿ ಮಾಂಸ ಒಣಗದಂತೆ ಕಾಯುತ್ತದೆ. ಎದೆ ಭಾಗಕ್ಕಿಂತ ತೊಡೆ, ಲೆಗ್, ವಿಂಗ್ಸ್ ಮೇಲು. ಎಲುಬಿಲ್ಲದ ತುಂಡು ಹತ್ತು ಹನ್ನೆರಡು ನಿಮಿಷ, ಪೂರ್ತಿ ಲೆಗ್ ಆದರೆ ಮುಕ್ಕಾಲು ಹೊತ್ತು ತಣ್ಣನೆ ಬದಿಯಲ್ಲಿ ಇಟ್ಟು ಒಟ್ಟು ಮೂವತ್ತೈದು ನಲವತ್ತು ನಿಮಿಷ. ಹೊರಗೆ ಕೆಂಪು ಕಪ್ಪಾಗಿ ಚೆಂದ ಕಂಡ ಲೆಗ್ಗನ್ನು ಕೀಲಿನ ಹತ್ತಿರ ಚಾಕುವಿನಿಂದ ಸೀಳಿ ನೋಡಿ. ಎಲುಬಿಗೆ ಅಂಟಿದ ಮಾಂಸ ಅರೆಪಾರದರ್ಶಕವಾಗಿ ಜಾರುತ್ತಿದ್ದರೆ, ರಸ ಗುಲಾಬಿಯಾಗಿ ಒಸರಿದರೆ ವಾಪಸ್ ಒಲೆಗೆ. ಅನುಮಾನವೇ ಬೇಡ ಅನ್ನುವವರು ಚುಚ್ಚಿ ನೋಡುವ ಥರ್ಮಾಮೀಟರ್ ಕೊಳ್ಳಿ. ಚಿಕನ್ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು.

ನಾಟಿ ಕೋಳಿ ತಂದು ಜಾಲರಿಗೆ ಹಾಕೋಣ ಅನ್ನುವವರಿಗೆ ನನ್ನ ವಿರೋಧವಿದೆ. ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ಬರುವ ಆ ಕೋಳಿಯ ರುಚಿ ಇರೋದು ಸಾರಿನಲ್ಲಿ. ಒಲೆಯ ಇನ್ನೊಂದು ಬದಿಗೆ ಪಾತ್ರೆ ಇಟ್ಟು ಸಾರು ಮಾಡಿ, ಕಡುಬು ಜೊತೆಗಿರಲಿ. ಕೆಂಡದ ಮೇಲೆ ಸುಟ್ಟರೆ ದವಡೆ ನೋಯುತ್ತದೆ ಅಷ್ಟೇ.

ಪೋರ್ಕ್ ಕೆಂಡಕ್ಕೆ ಹೇಳಿ ಮಾಡಿಸಿದ ಮಾಂಸ, ಮತ್ತು ಅತಿ ಹೆಚ್ಚು ತಲೆನೋವು ಕೊಡುವುದೂ ಅದೇ. ಕೊಬ್ಬಿನ ಪದರ ಇರುವ ಹೊಟ್ಟೆ ಭಾಗದ ತುಂಡನ್ನು ನೇರ ಬಿಸಿ ಬದಿಗೆ ಇಟ್ಟು ನೋಡಿ. ಮೊದಲು ಅಂಚು ಬೆವರಿದಂತೆ ಹೊಳೆಯುತ್ತದೆ. ಒಂದು ಹನಿ ಕೆಂಡಕ್ಕೆ ಬಿದ್ದು ಚುಂಯ್ ಅನ್ನುತ್ತದೆ, ಎರಡನೇ ಹನಿಗೆ ಹೊಗೆ, ಮೂರನೆಯದಕ್ಕೆ ಉರಿ ಜಾಲರಿ ದಾಟಿ ಮೇಲೆದ್ದು ತುಂಡಿನ ಅಡಿ ಕಪ್ಪು ಮಸಿ. ಆಗ ಎಲ್ಲರೂ ನೀರು ಚಿಮುಕಿಸಲು ಓಡುತ್ತಾರೆ. ನೀರು ಬೇಡ, ಇಕ್ಕಳದಿಂದ ತುಂಡನ್ನು ತಣ್ಣನೆ ಬದಿಗೆ ಎಳೆಯಿರಿ, ಉರಿ ತಾನೇ ಇಳಿಯುತ್ತದೆ. ಮುಚ್ಚಳವಿಲ್ಲದ ಒಲೆಯವರು ಪೋರ್ಕನ್ನು ಉಪ್ಪು, ಅರಿಶಿನ, ಶುಂಠಿ ಹಾಕಿ ನಲವತ್ತು ನಿಮಿಷ ಬೇಯಿಸಿಕೊಂಡು, ದಪ್ಪ ಹೋಳು ಮಾಡಿ, ಕೊನೆಯ ಎಂಟು ಹತ್ತು ನಿಮಿಷ ಮಾತ್ರ ಕೆಂಡ ತೋರಿಸಿ. ಅರ್ಧ ಕೊಬ್ಬು ಆಗಲೇ ಕರಗಿರುತ್ತದೆ, ಉರಿಯ ಕಾಟವೂ ಅರ್ಧ. ಮುಚ್ಚಳದ ಗ್ರಿಲ್ ಇದ್ದವರು ಒಂದು ಕೆಜಿ ಭುಜದ ತುಂಡನ್ನು ಕಡಿಮೆ ಬಿಸಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಬಹುದು. ಮಧ್ಯಾಹ್ನವೇ ಒಲೆ ಹಚ್ಚಬೇಕು, ಅಷ್ಟು ಪುರಸೊತ್ತು ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹಂದಿ ಮಾಂಸ ಎಂದೂ ಅರೆಬೆಂದಿರಬಾರದು. ಗುಂಪಿನಲ್ಲಿ ತಿನ್ನದವರಿದ್ದರೆ ಅದಕ್ಕೆ ಬೇರೆ ಜಾಲರಿ, ಬೇರೆ ಇಕ್ಕಳ. "ಒಂದು ಮೂಲೆಯಲ್ಲಿ ಮಾಡ್ತೀವಿ ಬಿಡಿ" ಅನ್ನೋದು ಸಾಲದು.

"ಊರ ಹಂದಿ ಯಾಕೆ, ಕಾಡುಹಂದಿ ಸಿಗುತ್ತೆ" ಅಂತ ಕಿವಿಯಲ್ಲಿ ಹೇಳುವ ಗೆಳೆಯ ಮಲೆನಾಡಿನಲ್ಲಿ ಎಲ್ಲರಿಗೂ ಇರುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ತಿಂದವರೂ ಸಿಕ್ಕಿಬೀಳುತ್ತಾರೆ. ಜೊತೆಗೆ ತಪಾಸಣೆಯಿಲ್ಲದ ಕಾಡು ಮಾಂಸದಲ್ಲಿ ಹುಳುಗಳ ಭಯ. ಬೇಡ.

ಮಟನ್‌ಗೆ ದುಡ್ಡು ಜಾಸ್ತಿ, ಹಾಗಾಗಿ ಕೆಡಿಸಿದರೆ ಹೊಟ್ಟೆ ಉರಿಯುತ್ತದೆ. ಹಸಿಯಾಗೇ ಸುಡಬೇಕು ಅಂತಿದ್ದರೆ ಎಳೆಯ ಮರಿಯ ಚಾಪ್ಸ್ ತನ್ನಿ. ಒಂದು ಕೆಜಿಗೆ ಎರಡು ಚಮಚ ಹಸಿ ಪಪ್ಪಾಯಿ ಅರೆದು ಹಚ್ಚಿ ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ಪಪ್ಪಾಯಿಯಲ್ಲಿರುವ ಕಿಣ್ವ ನಾರನ್ನು ಸಡಿಲಿಸುತ್ತದೆ. ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ. ಬೆಳೆದ ಕುರಿಯದ್ದಾದರೆ ಕುಕ್ಕರಿನಲ್ಲಿ ಎರಡು ಮೂರು ಕೂಗು ಕೂಗಿಸಿ, ಮಸಾಲೆ ಬಳಿದು, ಆರೇಳು ನಿಮಿಷ ಕೆಂಡ. ಅಗ್ಗದಲ್ಲಿ ಮಜಾ ಬೇಕೆಂದರೆ ಖೀಮಾಕ್ಕೆ ಈರುಳ್ಳಿ, ಪುದೀನಾ, ಹುರಿಗಡಲೆ ಪುಡಿ ಕಲಸಿ ಸರಳಿಗೆ ಹಿಡಿಯಿರಿ. ಕೊಬ್ಬು ಸ್ವಲ್ಪ ಸೇರಿಸಿಯೇ ಖೀಮಾ ಮಾಡಿಸಿ, ಇಲ್ಲದಿದ್ದರೆ ಸರಳಿನಿಂದ ಉದುರುತ್ತದೆ.

ಮೀನಿನಲ್ಲಿ ಬಂಗುಡೆಯೇ ರಾಜ. ಎಣ್ಣೆಯಂಶ ಜಾಸ್ತಿ ಇರುವ ಮೀನು, ಹಾಗಾಗಿ ಕೆಂಡಕ್ಕೆ ಒಣಗೋದಿಲ್ಲ. ಎರಡೂ ಬದಿ ಗೀರು ಹಾಕಿ ಮಸಾಲೆ ತುಂಬಿದರೆ ಒಟ್ಟು ಹತ್ತು ನಿಮಿಷದ ಕೆಲಸ. ಅಂಜಲ್ ರುಚಿ, ದುಬಾರಿ. ಕಾಟ್ಲಾ, ರೋಹು ಸುಲಭಕ್ಕೆ ಸಿಗುತ್ತವೆ, ಆದರೆ ಕತ್ತಲಲ್ಲಿ, ಮಾತಿನ ನಡುವೆ ಸಣ್ಣ ಮುಳ್ಳು ಹುಡುಕಿ ತಿನ್ನೋದು ಯಾರಿಗೆ ಬೇಕು? ಜಾಲರಿಗೆ ಅಂಟುವ ಭಯ ಇದ್ದರೆ ಬಾಳೆ ಎಲೆ ಬಾಡಿಸಿ ಸುತ್ತಿ. ಅರಿಶಿನ ಎಲೆ ಸಿಕ್ಕಿದರೆ ಅದರ ಘಮವೇ ಬೇರೆ.

ಇನ್ನು ವಿಡಿಯೊಗಳಲ್ಲಿ ಅಮೆರಿಕದವರು ಹನ್ನೆರಡು ಗಂಟೆ ಹೊಗೆಯಲ್ಲಿಡುವ ಬ್ರಿಸ್ಕೆಟ್ ದನದ ಎದೆಭಾಗ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ನಂತರ ಅದು ನಮ್ಮ ಪಟ್ಟಿಯಲ್ಲಿಲ್ಲ. ಆ ವಿಧಾನವನ್ನು ಹಂದಿಯ ಭುಜಕ್ಕೆ ಬಳಸಿಕೊಳ್ಳಿ.

ಹನ್ನೆರಡು ಜನರಿಗೆ ನನ್ನ ಆಯ್ಕೆ ಕೇಳಿದರೆ ಎರಡೇ ಎರಡು ಮಾಂಸ. ಹಸಿಯಾಗಿ ಸುಡೋದಕ್ಕೆ ಚಿಕನ್, ಬೇಯಿಸಿ ಸುಡೋದಕ್ಕೆ ಪೋರ್ಕ್ ಅಥವಾ ಮಟನ್. ನಾಲ್ಕು ಬಗೆ ಇಟ್ಟುಕೊಂಡರೆ ಒಲೆಯ ಮುಂದೆ ನಿಂತವನಿಗೆ ಯಾವುದು ಎಷ್ಟು ಹೊತ್ತಾಯಿತು ಅನ್ನೋದೇ ತಪ್ಪುತ್ತದೆ.

ಮಸಾಲೆ

ಮೊಸರಿನ ಮಸಾಲೆ ಚಿಕನ್‌ಗೆ. ಕಟ್ಟಿ ನೀರು ಬಸಿದ ಮೊಸರು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಉಪ್ಪು, ಎಣ್ಣೆ. ನಾಲ್ಕು ಗಂಟೆಯಿಂದ ಒಂದು ರಾತ್ರಿ ಫ್ರಿಜ್ಜಿನಲ್ಲಿ. ಕೆಂಪು ಬರಲಿ ಅಂತ ಬಣ್ಣ ಹಾಕೋದು ಬೇಡ, ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಕಬಾಬಿಗೆ ಕೃತಕ ಬಣ್ಣ ಹಾಕೋದನ್ನು ರಾಜ್ಯ ಸರ್ಕಾರ 2024ರಲ್ಲೇ ನಿಷೇಧಿಸಿದೆ.

ಪೋರ್ಕಿಗೆ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಗೆ ಹುರಿದ ಪುಡಿ, ಹುಳಿಗೆ ಕೊಡಗಿನ ಕಾಚಂಪುಳಿ. ಅದು ಸಿಗದಿದ್ದರೆ ಉಪ್ಪಾಗೆ ಹುಳಿಯನ್ನು ನೆನೆಸಿ ಹಿಂಡಿ, ಇವೆರಡೂ ಹತ್ತಿರದ ನೆಂಟರೇ. ಕೊಬ್ಬಿನ ಮಾಂಸಕ್ಕೆ ಈ ಕಪ್ಪು ಹುಳಿ ಕೊಡುವ ರುಚಿಯನ್ನು ನಿಂಬೆ ಕೊಡೋದಿಲ್ಲ. ಮೀನಿಗೆ ಜೀರಿಗೆ ಮೆಣಸು ಅನ್ನುವ ಪುಟ್ಟ ಖಾರದ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆ ಅರೆದು ಹಚ್ಚಿ ಅರ್ಧ ಗಂಟೆ ಸಾಕು. ಹುಳಿಯಲ್ಲಿ ಜಾಸ್ತಿ ಹೊತ್ತು ನೆಂದ ಮೀನು ಒಲೆ ತಲುಪುವ ಮೊದಲೇ ಪುಡಿಯಾಗುತ್ತದೆ. ಜೀರಿಗೆ ಮೆಣಸಿನ ಗಾತ್ರ ನೋಡಿ ಮೋಸ ಹೋಗಬೇಡಿ, ಪೇಟೆಯ ಗೆಳೆಯರಿಗೆ ಮೊದಲೇ ಹೇಳಿ.

ಬಾಟಲಿಯ ಬಾರ್ಬೆಕ್ಯೂ ಸಾಸ್‌ನಲ್ಲಿ ಸಕ್ಕರೆ ತುಂಬ. ಶುರುವಿನಲ್ಲೇ ಬಳಿದರೆ ಸುಟ್ಟು ಕಹಿಯಾಗುತ್ತದೆ, ಕೊನೆಯ ಎರಡು ಮೂರು ನಿಮಿಷಕ್ಕೆ ಬಳಿಯಿರಿ. ಹಸಿ ಮಾಂಸ ನೆನೆಸಿದ್ದ ಮಸಾಲೆಯನ್ನು ಬೆಂದ ಮಾಂಸಕ್ಕೆ ಮತ್ತೆ ಹಚ್ಚಬೇಡಿ. ಹಸಿಯದಕ್ಕೊಂದು ತಟ್ಟೆ, ಬೆಂದದ್ದಕ್ಕೊಂದು ತಟ್ಟೆ.

ಎಷ್ಟು ತರಬೇಕು, ಜೊತೆಗೆ ಏನು

ಎಲುಬಿನ ಮಾಂಸ ತಲೆಗೆ 300 ರಿಂದ 350 ಗ್ರಾಂ, ಎಲುಬಿಲ್ಲದ್ದು 200 ರಿಂದ 250 ಗ್ರಾಂ. ಬರುವವರೆಲ್ಲ ತೋಟದಲ್ಲಿ ದುಡಿದು ಬರುವ ಗಟ್ಟಿ ಆಳುಗಳಾದರೆ ಒಂದು ಕೆಜಿ ಜಾಸ್ತಿ ಇರಲಿ. ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಸಾಲು ಇರುತ್ತದೆ, ಬೇಕಾದ ಕಟ್ ಮಾಡಿಸುವಷ್ಟು ತಾಳ್ಮೆ ಯಾರಿಗೂ ಇರೋದಿಲ್ಲ. ಶನಿವಾರವೇ ಹೇಳಿಡಿ.

ಮಾಂಸ ಜಾಸ್ತಿ ಇರುವ ದಿನ ಜೊತೆಯ ಪದಾರ್ಥ ಹಗುರ ಇರಬೇಕು. ಅಕ್ಕಿರೊಟ್ಟಿಗೆ ನನ್ನ ವೋಟು, ಬಿರಿಯಾನಿ ಅನಗತ್ಯ. ಈರುಳ್ಳಿ ನಿಂಬೆ, ಸೌತೆಕಾಯಿ, ಒಂದು ಭರಣಿ ಅಪ್ಪೆಮಿಡಿ. ಕುಡಿಯಲು ಮುರುಗಲು ಶರಬತ್ತು ಇರಲಿ, ಬೇರೆ ಬಾಟಲಿ ತರುವವರು ಹೇಗೂ ತರುತ್ತಾರೆ. ಅವರಲ್ಲಿ ಯಾರೂ ಒಲೆಯ ಉಸ್ತುವಾರಿಗೆ ಬೇಡ. ಮಾಂಸ ತಿನ್ನದ ಒಬ್ಬಿಬ್ಬರಿಗೆ ಅಣಬೆ, ಗೆಣಸು, ಬನವಾಸಿ ಕಡೆಯ ಅನಾನಸ್ ಹೋಳುಗಳಿಗೆ ಮೆಣಸಿನ ಪುಡಿ ಸವರಿ ಸುಟ್ಟದ್ದು. ಅವರ ಪಾಲನ್ನು ಜಾಲರಿ ಇನ್ನೂ ಹೊಸದಾಗಿರುವಾಗ ಮೊದಲು ಸುಡಿ. ಆಮೇಲೆ ನೋಡಿ, ಅನಾನಸ್ಸಿಗೆ ಮಾಂಸದವರೇ ಮುಗಿಬೀಳುತ್ತಾರೆ.

ತಟ್ಟೆಗೆ ಅಡಿಕೆ ಹಾಳೆಯ ತಟ್ಟೆಯೇ ಸರಿ. ಬಿಸಿಗೆ ಬಗ್ಗೋದಿಲ್ಲ, ಎಣ್ಣೆಗೆ ಸೋರೋದಿಲ್ಲ, ತೊಳೆಯುವ ಜಗಳ ಇಲ್ಲ. ಬಿದಿರು ಕಡ್ಡಿ ಬಳಸುವುದಾದರೆ ಅರ್ಧ ಗಂಟೆ ನೀರಲ್ಲಿ ನೆನೆಸಿ. ಕಬ್ಬಿಣದ ಸರಳಾದರೆ ಚಪ್ಪಟೆಯದು ನೋಡಿ ಕೊಳ್ಳಿ, ದುಂಡು ಸರಳಿನಲ್ಲಿ ತಿರುಗಿಸಿದಾಗ ಸರಳು ಮಾತ್ರ ತಿರುಗುತ್ತದೆ, ಮಾಂಸ ಅಲ್ಲೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಕೆಂಡಕ್ಕೆ ನೀರು ಹಾಕಿ, ಕೆದಕಿ, ಮತ್ತೆ ಹಾಕಿ. ಬೂದಿಯ ಅಡಿಯಲ್ಲಿ ಬೆಳಿಗ್ಗೆವರೆಗೂ ಕೆಂಡ ಜೀವಂತ ಇರುತ್ತದೆ, ತಿಪ್ಪೆಗೆ ಸುರಿಯುವ ಮೊದಲು ಕೈ ಹತ್ತಿರ ಹಿಡಿದು ನೋಡಿ. ಉಳಿದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಚಿಕನ್ನನ್ನು ಎಲುಬಿನಿಂದ ಬಿಡಿಸಿ, ಈರುಳ್ಳಿ ಹಸಿಮೆಣಸು ಹಾಕಿ ಹುರಿದರೆ ಮರುದಿನದ ರೊಟ್ಟಿಗೆ ಆಯಿತು. ಎಲುಬನ್ನು ನಾಯಿಗೆ ಹಾಕಬೇಡಿ, ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.